ಸರ್ವರನ್ನೇ ಕೇಳಿ ನೋಡಿ

ಸರ್ವರ್ ನಿಧಾನವಾಯಿತೆಂದರೆ ನಮ್ಮ ಕಡೆಯ ಸಂಸ್ಥೆಗಳಲ್ಲಿ ಮೊದಲು ಬರುವ ಮಾತು ‘ರ‍್ಯಾಮ್ ಸಾಲುತ್ತಿಲ್ಲ, ಇನ್ನಷ್ಟು ಹಾಕಿಸಿ’ ಎಂಬುದು. ಅದರ ಬೆನ್ನಿಗೇ ಬರುವುದು ‘ಪ್ರೊಸೆಸರ್ ಹಳತಾಯಿತು, ಹೊಸ ಮಶೀನೇ ತನ್ನಿ’ ಎಂಬ ಮಾತು. ಎರಡಕ್ಕೂ ಕೊಟೇಶನ್ ಸಿದ್ಧವಿರುತ್ತದೆ. ಆಡಳಿತ ಮಂಡಳಿಯ ಸಭೆಯಲ್ಲಿ ಮೂರು ಕೊಟೇಶನ್ ಓದುತ್ತಾರೆ, ಕಡಿಮೆ ದರದ್ದಕ್ಕೆ ಒಪ್ಪಿಗೆ ಸಿಗುತ್ತದೆ, ಹಣ ಹೋಗುತ್ತದೆ. ಇಷ್ಟೆಲ್ಲ ನಡೆದರೂ ಆ ಸರ್ವರನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ. ತನ್ನೊಳಗೆ ಎಂಥ ಪ್ರೊಸೆಸರ್ ಇದೆ, ಎಷ್ಟು ಮೆಮೊರಿ ಇದೆ, ಅದರಲ್ಲಿ ಎಷ್ಟು ನಿಜಕ್ಕೂ ಖರ್ಚಾಗುತ್ತಿದೆ ಎಂದು ಹೇಳಲು ಅದು ಯಾವಾಗಲೂ ತಯಾರು. ಕೇಳುವುದಕ್ಕೆ ನಾಲ್ಕೈದು ಸಣ್ಣ ಆಜ್ಞೆ ಸಾಕು, ಒಂದು ಪೈಸೆಯ ಸಾಫ್ಟ್‌ವೇರೂ ಕೊಳ್ಳಬೇಕಾಗಿಲ್ಲ.

ನಾನು ಶಿರಸಿಯಲ್ಲಿದ್ದುಕೊಂಡು ಸುತ್ತಲಿನ ತಾಲೂಕುಗಳ ಕಾಲೇಜು, ಪತ್ತಿನ ಸಹಕಾರಿ ಸಂಘ, ಸಣ್ಣ ಆಸ್ಪತ್ರೆಗಳ ಸರ್ವರ್ ನೋಡಿಕೊಳ್ಳುವವಳು. ಇವು ಯಾವುವೂ ದೊಡ್ಡ ಡೇಟಾ ಸೆಂಟರುಗಳಲ್ಲ. ಗ್ರಂಥಾಲಯದ ಮೂಲೆಯಲ್ಲೋ, ಮ್ಯಾನೇಜರ ಕೋಣೆಯ ಗೋಡೆಗೆ ಒತ್ತಿಕೊಂಡೋ ಒಂದು ಯುಪಿಎಸ್ ಜೊತೆ ಕೂತಿರುವ ಒಂಟಿ ಯಂತ್ರಗಳು. ಆದರೆ ಅವುಗಳಲ್ಲಿರುವುದು ಸದಸ್ಯರ ಠೇವಣಿಯ ಲೆಕ್ಕ, ರೋಗಿಗಳ ರಕ್ತಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿಗಳ ಪುಸ್ತಕದ ಖಾತೆ. ಕೊಂಡ ಹಣ ಸಂಘದ ಸದಸ್ಯರದ್ದು, ಮಕ್ಕಳ ಶುಲ್ಕದ್ದು. ಅದಕ್ಕೇ ಈ ವಿದ್ಯೆ ತಂತ್ರಜ್ಞರ ಹತ್ತಿರ ಮಾತ್ರ ಇದ್ದರೆ ಸಾಲದು, ಸಹಿ ಹಾಕುವವರಿಗೂ ಗೊತ್ತಿರಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಈ ಆಜ್ಞೆಗಳನ್ನು ಕೊಡುವುದು ಕಮಾಂಡ್ ಲೈನಿನಲ್ಲಿ. ಕಮಾಂಡ್ ಲೈನ್ ಎಂದರೆ ಮೌಸು, ಚಿತ್ರ, ಬಟನ್ನು ಯಾವುದೂ ಇಲ್ಲದೆ ಅಕ್ಷರದಲ್ಲೇ ಆಜ್ಞೆ ಕೊಟ್ಟು ಅಕ್ಷರದಲ್ಲೇ ಉತ್ತರ ಪಡೆಯುವ ಕ್ರಮ. ಈ ಸರ್ವರುಗಳು ಹೆಚ್ಚಾಗಿ ಲಿನಕ್ಸ್ ಮೇಲೆ ನಡೆಯುತ್ತವೆ, ಅನೇಕಕ್ಕೆ ಮಾನಿಟರೂ ಇರುವುದಿಲ್ಲ. ದೂರದಿಂದ ಒಳಹೊಗಲು ಎಸ್‌ಎಸ್‌ಎಚ್ ಇದೆ. ಫಿನ್ಲೆಂಡಿನ ತಾತು ಯುಲೋನೆನ್ ತಮ್ಮ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಪಾಸ್‌ವರ್ಡ್ ಕದಿಯುವ ದಾಳಿ ನಡೆದ ಮೇಲೆ 1995ರಲ್ಲಿ ಅದನ್ನು ಬರೆದರು. ಹೋಗಿಬರುವ ಅಕ್ಷರಗಳನ್ನೆಲ್ಲ ಗೂಢಲಿಪಿಯಲ್ಲಿ ಕಳಿಸುವುದು ಅದರ ಕೆಲಸ. ನಮ್ಮ ಮಲೆನಾಡಿಗೆ ಅದರ ಇನ್ನೊಂದು ಉಪಕಾರವೂ ಇದೆ. ಆಷಾಢದ ಮಳೆ ಹಿಡಿದರೆ ಮರ ಬಿದ್ದು ಫೈಬರ್ ಕಡಿಯುತ್ತದೆ, ಕರೆಂಟು ಹೋಗುತ್ತದೆ, ಮೊಬೈಲಿನಲ್ಲಿ ಒಂದು ಕಡ್ಡಿ ಸಿಗ್ನಲ್ ಉಳಿದರೆ ಪುಣ್ಯ. ಅಷ್ಟರಲ್ಲಿ ಚಿತ್ರದ ಪರದೆ ತೆರೆಯುವುದಿಲ್ಲ. ಅಕ್ಷರ ಮಾತ್ರ ಹೋಗುತ್ತದೆ, ಉತ್ತರವೂ ಬರುತ್ತದೆ. ಮುಂದೆ ಆಜ್ಞೆಗಳ ಹೆಸರನ್ನು ಕನ್ನಡದಲ್ಲೇ ಬರೆಯುತ್ತೇನೆ. ಟೈಪ್ ಮಾಡುವಾಗ ಅವು ಇಂಗ್ಲಿಷಿನ ಸಣ್ಣಕ್ಷರಗಳು.

ಒಂದು ಪದವಿ ಕಾಲೇಜಿನ ಗ್ರಂಥಾಲಯದ ಸಂಗತಿ ಹೇಳುತ್ತೇನೆ. ಅಲ್ಲಿ ನಡೆಯುವುದು ಕೋಹಾ. ನ್ಯೂಜಿಲೆಂಡಿನ ಒಂದು ಸಣ್ಣ ಪ್ರದೇಶದ ಗ್ರಂಥಾಲಯಗಳಿಗಾಗಿ ತಯಾರಾಗಿ 2000ದ ಜನವರಿಯಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶ ಅದು. ಇಂದು ನಮ್ಮ ರಾಜ್ಯದ ಎಷ್ಟೋ ಕಾಲೇಜು ಗ್ರಂಥಾಲಯಗಳು ಅದರ ಮೇಲೆ ನಿಂತಿವೆ. ಪರೀಕ್ಷೆಯ ಹೊತ್ತು. ಗ್ರಂಥಪಾಲಕರು ಫೋನ್ ಮಾಡಿದರು.

“ಮೇಡಂ, ಮೆಮೊರಿ ಶೇಕಡಾ 98 ತುಂಬಿದೆ ಅಂತ ಕೆಂಪಗೆ ತೋರಿಸ್ತಾ ಇದೆ. ಪುಸ್ತಕ ಇಶ್ಯೂ ಮಾಡೋದಕ್ಕೆ ಒಂದೊಂದಕ್ಕೂ ಅರ್ಧ ನಿಮಿಷ. ಮಕ್ಕಳು ಸಾಲಲ್ಲಿ ನಿಂತಿದ್ದಾರೆ. ಸಪ್ಲೈಯರ್ ಹೇಳ್ತಾರೆ ಇನ್ನೂ 32 ಜಿಬಿ ಹಾಕಿಸಲೇಬೇಕು ಅಂತ.”

“ಸರ್, ಸಹಿ ಹಾಕಬೇಡಿ. ನಾನೊಮ್ಮೆ ನೋಡ್ತೇನೆ, ಆಮೇಲೆ ಮಾತಾಡುವ.”

ಒಳಹೊಕ್ಕು ಮೊದಲು ಹೊಡೆದದ್ದು ‘ಫ್ರೀ’, ಮುಂದೆ ಒಂದು ಅಡ್ಡಗೆರೆ, ‘ಎಚ್’ ಅಕ್ಷರ. ಎಚ್ ಹಾಕಿದರೆ ಅಂಕಿಗಳು ಓದುವಂತೆ ಬರುತ್ತವೆ, ಇಲ್ಲದಿದ್ದರೆ ಉದ್ದುದ್ದ ಸಂಖ್ಯೆಗಳ ಸಾಲು. ಬಂದ ಉತ್ತರ: ಒಟ್ಟು 31 ಗಿಬಿಬೈಟ್ (ಮೆಮೊರಿ ಮಾರುವವರು ಜಿಬಿ ಎನ್ನುವುದು ಇದನ್ನೇ), ಬಳಕೆಯಲ್ಲಿ 4.6, ಫ್ರೀ ಎಂಬ ಕಂಬದಲ್ಲಿ ಬರೀ 612 ಮೆಬಿಬೈಟ್, ಬಫರ್-ಕ್ಯಾಶ್ ಎಂಬಲ್ಲಿ 26, ಕೊನೆಯ ಅವೈಲಬಲ್ ಕಂಬದಲ್ಲಿ 25.

ಆ ಕೆಂಪು ಎಚ್ಚರಿಕೆ ತೋರಿಸುತ್ತಿದ್ದ ಪರದೆ ಮೂರನೆಯ ಅಂಕಿಯನ್ನು ಹಿಡಿದುಕೊಂಡು ಕೂತಿತ್ತು. ಒಟ್ಟು ಮೊತ್ತದಿಂದ ಫ್ರೀ ಕಳೆದರೆ ಉಳಿದದ್ದೆಲ್ಲ ಖರ್ಚಾದದ್ದು ಎಂಬುದು ಅದರ ಲೆಕ್ಕ. ಆ ಲೆಕ್ಕ ತಪ್ಪು, ಯಾಕೆಂದು ತಿಳಿದುಕೊಂಡರೆ ಅರ್ಧ ಗಾಬರಿ ಇಳಿಯುತ್ತದೆ.

ಲಿನಕ್ಸ್ ಖಾಲಿ ಮೆಮೊರಿಯನ್ನು ಖಾಲಿಯಾಗಿ ಇಟ್ಟುಕೊಳ್ಳುವುದಿಲ್ಲ. ಡಿಸ್ಕಿನಿಂದ ಒಂದು ಫೈಲನ್ನು ಓದಿದರೆ ಅದರ ಪ್ರತಿಯನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತದೆ, ಮತ್ತೆ ಬೇಕಾದಾಗ ಡಿಸ್ಕಿನ ತನಕ ಹೋಗದೆ ಅಲ್ಲಿಂದಲೇ ಕೊಡುತ್ತದೆ. ಗ್ರಂಥಪಾಲಕರಿಗೆ ನಾನು ಹೇಳಿದ್ದು ಅವರದೇ ಕೋಣೆಯ ಉದಾಹರಣೆ: ಓದಿ ಮುಗಿಸಿದ ಪುಸ್ತಕವನ್ನು ಕೂಡಲೇ ಕಪಾಟಿಗೆ ಹಾಕದೆ ಮೇಜಿನ ಮೇಲೇ ಬಿಟ್ಟಿರುತ್ತೀರಿ, ಇನ್ನೊಬ್ಬರು ಅದನ್ನೇ ಕೇಳಬಹುದು ಅಂತ, ಮೇಜು ತುಂಬಿ ಕಂಡರೂ ಹೊಸ ಓದುಗ ಬಂದು ಜಾಗ ಕೇಳಿದ ಕ್ಷಣ ಪುಸ್ತಕ ಎತ್ತಿ ಕಪಾಟಿಗಿಡುತ್ತೀರಿ. ಆ 26 ಗಿಬಿಬೈಟಿನ ಬಹುಪಾಲು ಇಂಥದ್ದು. ಕಾರ್ಯಕ್ರಮಗಳು ಕೇಳಿದರೆ ಲಿನಕ್ಸಿನ ತಿರುಳಾದ ಕರ್ನಲ್ ತಕ್ಷಣ ಬಿಟ್ಟುಕೊಡುತ್ತದೆ.

ಬಫರ್-ಕ್ಯಾಶ್ ಎಂದು ತೋರಿಸಿದ್ದೆಲ್ಲವನ್ನೂ ಹೀಗೆ ಬಿಟ್ಟುಕೊಡಲಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಹಲವು ಕಾರ್ಯಕ್ರಮಗಳು ಹಂಚಿಕೊಂಡು ಬಳಸುವ ಮೆಮೊರಿಯೂ, ಮೆಮೊರಿಯಲ್ಲೇ ಕಟ್ಟಿಕೊಂಡ ತಾತ್ಕಾಲಿಕ ಫೈಲುಗಳೂ ಅದೇ ಲೆಕ್ಕದಲ್ಲಿ ಸೇರುತ್ತವೆ. ಅವನ್ನು ಸುಮ್ಮನೆ ಎತ್ತಿ ಬಿಸಾಡಲು ಬಾರದು. ಬಹಳ ವರ್ಷ ಎಲ್ಲರೂ ಫ್ರೀ ಮತ್ತು ಕ್ಯಾಶ್ ಎರಡನ್ನೂ ಕೂಡಿ ‘ಇಷ್ಟು ಸಿಗುತ್ತದೆ’ ಎಂದು ಅಂದಾಜು ಹಾಕುತ್ತಿದ್ದರು, ಅಂದಾಜು ತಪ್ಪುತ್ತಿತ್ತು. ಇದನ್ನು ಸರಿಪಡಿಸಿದವರು ರಿಕ್ ವಾನ್ ರಿಯಲ್ ಎಂಬ ಕರ್ನಲ್ ಅಭಿವೃದ್ಧಿಕಾರ. ಎಷ್ಟನ್ನು ನಿಜವಾಗಿ ಮರಳಿ ಪಡೆಯಬಹುದು ಎಂದು ಕರ್ನಲ್ಲೇ ಲೆಕ್ಕಹಾಕಿ ಹೇಳುವ ‘ಮೆಮ್‌ಅವೈಲಬಲ್’ ಎಂಬ ಸಾಲನ್ನು ಅವರು ಸೇರಿಸಿದರು. 2014ರ ಮಾರ್ಚಿನಲ್ಲಿ ಬಂದ ಕರ್ನಲ್ 3.14ರಿಂದ ಅದು ಇದೆ. ಹೊಸ ಕಾರ್ಯಕ್ರಮವೊಂದನ್ನು ಶುರುಮಾಡಿದರೆ, ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗವಾದ ಸ್ವಾಪ್‌ಗೆ ಕೈಹಾಕದೆ ಎಷ್ಟು ಮೆಮೊರಿ ಕೊಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಂದಾಜು ಯಂತ್ರದಲ್ಲಿ ಬೇರೆ ಇಲ್ಲ. ‘ಫ್ರೀ’ ಆಜ್ಞೆಯ ಕೊನೆಯ ಕಂಬ ಅದೇ. ಓದುಗರು ಈ ಲೇಖನದಿಂದ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಆ ಕೊನೆಯ ಕಂಬವನ್ನು ನೆನಪಿಡಿ.

32 ಜಿಬಿ ಕೊಂಡರೆ 31 ಯಾಕೆ ಕಾಣುತ್ತದೆ, ಒಂದು ಜಿಬಿ ಯಾರು ತಿಂದರು ಎಂಬ ಪ್ರಶ್ನೆ ಪ್ರತಿ ಸಂಸ್ಥೆಯಲ್ಲೂ ಬರುತ್ತದೆ. ಯಾರೂ ತಿಂದಿಲ್ಲ. ಯಂತ್ರದ ಫರ್ಮ್‌ವೇರ್ ಮತ್ತು ಕರ್ನಲ್ ತಮಗೆಂದು ಒಂದಿಷ್ಟನ್ನು ಮೊದಲೇ ಕಾದಿರಿಸಿಕೊಳ್ಳುತ್ತವೆ, ಉಳಿದದ್ದನ್ನು ಮಾತ್ರ ಒಟ್ಟು ಎಂದು ತೋರಿಸುತ್ತವೆ. ಅದಕ್ಕೆ ತಗಾದೆ ತೆಗೆಯುವುದು ಬೇಡ.

ಫ್ರೀ ಆಜ್ಞೆ ತನ್ನ ಅಂಕಿಗಳನ್ನು ತಾನೇ ಎಣಿಸಿ ತರುವುದಿಲ್ಲ. ಅದು ಓದುವುದು ‘ಪ್ರಾಕ್’ ಎಂಬ ಫೋಲ್ಡರಿನೊಳಗಿನ ‘ಮೆಮ್‌ಇನ್ಫೋ’ ಎಂಬ ಫೈಲನ್ನು. ಈ ಪ್ರಾಕ್ ನನಗೆ ಇಂದಿಗೂ ಬೆರಗು ಹುಟ್ಟಿಸುವ ವಸ್ತು. ಅದರೊಳಗಿನ ಫೈಲುಗಳ ಪಟ್ಟಿ ತೆಗೆದರೆ ಅಳತೆ ಸೊನ್ನೆ ಎಂದು ಕಾಣುತ್ತದೆ, ತೆರೆದರೆ ಪುಟದಷ್ಟು ಮಾಹಿತಿ ಬರುತ್ತದೆ. ಡಿಸ್ಕಿನಲ್ಲಿ ಅಂಥ ಫೈಲೇ ಇಲ್ಲ. ನಾವು ಓದಲು ಹೊರಟ ಕ್ಷಣದಲ್ಲಿ ಕರ್ನಲ್ ತನ್ನ ಆ ಹೊತ್ತಿನ ಸ್ಥಿತಿಯನ್ನು ಬರೆದುಕೊಡುತ್ತದೆ, ಎರಡನೇ ಸಲ ಓದಿದರೆ ಅಂಕಿ ಬದಲಾಗಿರುತ್ತದೆ. ನಡೆಯುತ್ತಿರುವ ಕಾರ್ಯಕ್ರಮವನ್ನೂ ಫೈಲಿನಂತೆ ತೆರೆದು ನೋಡುವ ಈ ಕಲ್ಪನೆಯನ್ನು ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ 1984ರಲ್ಲಿ ಯುನಿಕ್ಸಿಗೆ ತಂದರು. ಲಿನಕ್ಸ್ ಅದನ್ನು ಬೆಳೆಸಿ ಇಡೀ ಯಂತ್ರದ ಸುದ್ದಿಯನ್ನೇ ಅಲ್ಲಿ ತೆರೆದಿಟ್ಟಿತು. ‘ಕ್ಯಾಟ್’ ಎಂದು ಹೊಡೆದು ಜಾಗ ಬಿಟ್ಟು ಆ ಫೈಲಿನ ದಾರಿ ಬರೆದರೆ ಯಾರು ಬೇಕಾದರೂ ಓದಬಹುದು, ವಿಶೇಷ ಅಧಿಕಾರ ಬೇಡ.

ಕಾಲೇಜಿನ ಯಂತ್ರದಲ್ಲಿ ಮೆಮ್‌ಇನ್ಫೋ ತೆರೆದಾಗ ನನ್ನ ಕಣ್ಣು ನಿಂತದ್ದು ‘ಡರ್ಟಿ’ ಎಂಬ ಸಾಲಿನ ಮೇಲೆ. ಮೆಮೊರಿಯಲ್ಲಿ ಬದಲಾಗಿ, ಇನ್ನೂ ಡಿಸ್ಕಿಗೆ ಬರೆಯಲು ಕಾದಿರುವ ಮಾಹಿತಿ ಎಷ್ಟು ಎಂಬ ಲೆಕ್ಕ ಅದು. ಸದ್ದಿಲ್ಲದ ಹೊತ್ತಿನಲ್ಲಿ ಕೆಲವು ಮೆಗಾಬೈಟ್ ಇರಬೇಕಾದ್ದು ಗಿಗಾಬೈಟುಗಳಲ್ಲಿತ್ತು. ಅಂದರೆ ಮೆಮೊರಿಗೆ ಜಾಗವಿದೆ, ಡಿಸ್ಕಿಗೆ ಉಸಿರಿಲ್ಲ. ‘ಅಪ್‌ಟೈಮ್’ ಹೊಡೆದರೆ ಲೋಡ್ ಎಂದು ಮೂರು ಅಂಕಿ ಬರುತ್ತವೆ, ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ. ಅಲ್ಲಿ 9ರ ಆಸುಪಾಸಿತ್ತು. ಲೋಡ್ ಹೆಚ್ಚಿದೆ ಎಂದರೆ ಪ್ರೊಸೆಸರ್ ದಣಿದಿದೆ ಎಂದೇ ಹಲವರು ತಿಳಿಯುತ್ತಾರೆ. ಲಿನಕ್ಸಿನಲ್ಲಿ ಹಾಗಲ್ಲ, ಪ್ರೊಸೆಸರಿಗಾಗಿ ಕಾದವರ ಜೊತೆಗೆ ಡಿಸ್ಕಿಗಾಗಿ ಕಾದು ಅಲುಗಾಡದೆ ನಿಂತ ಕಾರ್ಯಕ್ರಮಗಳನ್ನೂ ಅದು ಎಣಿಸುತ್ತದೆ. ಯಾರು ಯಾವುದಕ್ಕೆ ಕಾದಿದ್ದಾರೆಂದು ಬಿಡಿಸಿ ನೋಡಲು ‘ವಿಎಂಸ್ಟ್ಯಾಟ್ 1’ ಎಂದು ಹೊಡೆದೆ. ಸೆಕೆಂಡಿಗೊಂದು ಸಾಲು ಬರತೊಡಗಿತು. ಸ್ವಾಪಿನಿಂದ ಬಂದದ್ದು, ಸ್ವಾಪಿಗೆ ಹೋದದ್ದು ಹೇಳುವ ಎಸ್‌ಐ, ಎಸ್‌ಒ ಕಂಬಗಳಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಡಿಸ್ಕಿಗಾಗಿ ಕಾದ ಹೊತ್ತನ್ನು ಹೇಳುವ ಡಬ್ಲ್ಯುಎ ಕಂಬದಲ್ಲಿ 30ರ ಮೇಲೆ.

ಆಮೇಲೆ ಕಾರಣ ಹುಡುಕಲು ಹೊತ್ತು ಹಿಡಿಯಲಿಲ್ಲ. ಹಿಂದೆ ಯಾರೋ ಸರ್ವರ್ ಜೋಡಿಸಿದವರು ದಿನದ ಬ್ಯಾಕಪ್ಪನ್ನು ಬೆಳಗಿನ ಹತ್ತೂವರೆಗೆ ಹೊಂದಿಸಿಟ್ಟಿದ್ದರು. ಡೇಟಾಬೇಸಿನ ಜೊತೆಗೆ ಹಳೆಯ ಪ್ರಶ್ನೆಪತ್ರಿಕೆಗಳ ಸ್ಕ್ಯಾನ್ ಮಾಡಿದ ಹತ್ತಾರು ಗಿಗಾಬೈಟ್ ಫೈಲುಗಳನ್ನೆಲ್ಲ ಅದು ಓದಿ, ಅದೇ ತಿರುಗುವ ಹಾರ್ಡ್ ಡಿಸ್ಕಿನ ಇನ್ನೊಂದು ಮೂಲೆಗೆ ಬರೆಯುತ್ತಿತ್ತು. ಓದಿದ ಫೈಲುಗಳು ಮೆಮೊರಿಯಲ್ಲಿ ಉಳಿದು ಫ್ರೀ ಕಂಬ ಬತ್ತಿಹೋಗಿ ಕಂಡದ್ದು ಅದರಿಂದಲೇ. ಇತ್ತ ಪುಸ್ತಕ ಇಶ್ಯೂ ಮಾಡುವಾಗ ಡೇಟಾಬೇಸ್ ಒಂದು ಸಾಲನ್ನಾದರೂ ಡಿಸ್ಕಿಗೆ ಬರೆದು ಖಾತ್ರಿ ಮಾಡಿಕೊಳ್ಳಲೇಬೇಕು. ಆ ಒಂದು ಸಾಲು ಹತ್ತಾರು ಗಿಗಾಬೈಟಿನ ಹಿಂದೆ ಸರದಿಯಲ್ಲಿ ನಿಂತಿತ್ತು. ಬ್ಯಾಕಪ್ಪನ್ನು ರಾತ್ರಿ ಎರಡಕ್ಕೆ ಬದಲಿಸಿದೆ. ಮರುದಿನ ಬೆಳಿಗ್ಗೆ ಸಾಲು ಕರಗಿತು. 32 ಜಿಬಿ ಹೆಚ್ಚಿಗೆ ಹಾಕಿಸಿದ್ದರೆ ಆ ಫೈಲುಗಳ ಇನ್ನಷ್ಟು ಪ್ರತಿಗಳು ಅಲ್ಲಿ ಹೋಗಿ ಕೂರುತ್ತಿದ್ದವು, ಮಕ್ಕಳು ಹಾಗೇ ನಿಂತಿರುತ್ತಿದ್ದರು.

ರ‍್ಯಾಮ್ ನಿಜವಾಗಿಯೂ ಸಾಲದ ಕಡೆಗಳೂ ಇವೆ. ಒಂದು ಸಣ್ಣ ಆಸ್ಪತ್ರೆಯ 8 ಜಿಬಿಯ ಯಂತ್ರದಲ್ಲಿ ಅವೈಲಬಲ್ ಕಂಬ 200 ಮೆಬಿಬೈಟಿನ ಕೆಳಗೇ ಇರುತ್ತಿತ್ತು, ಎಸ್‌ಐ ಮತ್ತು ಎಸ್‌ಒ ಹಗಲಿಡೀ ಓಡುತ್ತಿದ್ದವು. ಕರ್ನಲ್ಲಿನ ದಿನಚರಿಯನ್ನು ‘ಡಿಮೆಸ್ಜ್’ ಆಜ್ಞೆಯಿಂದ ತೆಗೆದರೆ ‘ಔಟ್ ಆಫ್ ಮೆಮೊರಿ’ ಎಂಬ ಸಾಲು, ಅದರ ಮುಂದೆ ಕೊಂದ ಕಾರ್ಯಕ್ರಮದ ಹೆಸರು. ಮೆಮೊರಿ ಪೂರ್ತಿ ಮುಗಿದು ದಾರಿಯೇ ಇಲ್ಲದಾದಾಗ ಕರ್ನಲ್ ಒಂದು ಕಾರ್ಯಕ್ರಮವನ್ನು ಆರಿಸಿ ನಿಲ್ಲಿಸಿಬಿಡುತ್ತದೆ; ಸಾಮಾನ್ಯವಾಗಿ ಬಲಿಯಾಗುವುದು ಎಲ್ಲಕ್ಕಿಂತ ಹೆಚ್ಚು ಮೆಮೊರಿ ಹಿಡಿದಿರುವ ಡೇಟಾಬೇಸೇ. ಲ್ಯಾಬಿನ ವರದಿ ನಡುವೆಯೇ ಕಳಚಿಕೊಳ್ಳುತ್ತಿದ್ದುದು ಇದಕ್ಕೆ. ಅಲ್ಲಿ ಮೆಮೊರಿ ಹೆಚ್ಚಿಸಿ ಎಂದು ನಾನೇ ಬರೆದುಕೊಟ್ಟೆ. ಈ ಮೂರು ಗುರುತು ಒಟ್ಟಿಗೆ ಕಂಡರೆ ಹಣ ಹಾಕಬೇಕು, ತಡಮಾಡಬಾರದು.

ಪ್ರೊಸೆಸರಿನ ಕತೆ ಇಷ್ಟು ತೊಡಕಿನದ್ದಲ್ಲ. ಅದಕ್ಕೆ ಆಜ್ಞೆ ‘ಎಲ್‌ಎಸ್‌ಸಿಪಿಯು’. ಕಾಲೇಜಿನ ಸರ್ವರಿನಲ್ಲಿ ಅದು ಹೇಳಿದ್ದು: ಇಂಟೆಲ್ ಜಿಯಾನ್ ಇ-2378, ಸಾಕೆಟ್ 1, ಸಾಕೆಟ್ಟಿಗೆ ಕೋರ್ 8, ಕೋರಿಗೆ ಥ್ರೆಡ್ 2, ಸಿಪಿಯು 16. ಬಿಲ್ಲಿನಲ್ಲಿದ್ದದ್ದು ‘16 ಕೋರ್ ಸರ್ವರ್’. ಇಂಥ ಬಿಲ್ಲುಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕೋರ್ ಎಂದರೆ ನಿಜವಾಗಿ ಲೆಕ್ಕ ಮಾಡುವ ಘಟಕ, ಅವು ಎಂಟೇ. ಒಂದು ಕೋರಿಗೆ ಎರಡು ಕೆಲಸದ ಸಾಲನ್ನು ಒಟ್ಟಿಗೆ ಒಪ್ಪಿಸಿ, ಒಂದು ಸಾಲು ಮೆಮೊರಿಗಾಗಿ ಕಾದು ನಿಂತ ಹೊತ್ತಿನಲ್ಲಿ ಇನ್ನೊಂದನ್ನು ಮುಂದೆ ಸಾಗಿಸುವ ಉಪಾಯವೇ ಹೈಪರ್‌ಥ್ರೆಡಿಂಗ್. ಇಂಟೆಲ್ ಅದನ್ನು 2002ರಲ್ಲಿ ಜಿಯಾನ್ ಪ್ರೊಸೆಸರುಗಳಲ್ಲಿ ತಂದಾಗ ಸರ್ವರ್ ಕೆಲಸಗಳಲ್ಲಿ ತಾನೇ ಹೇಳಿಕೊಂಡ ಲಾಭ ಶೇ. 30ರವರೆಗೆ. ಹಾಗಾಗಿ 8 ಕೋರ್ 16 ಥ್ರೆಡ್ ಯಂತ್ರವನ್ನು 16 ಕೋರಿನ ಬೆಲೆಗೆ ಕೊಳ್ಳಬಾರದು. ಬರೀ ಸಿಪಿಯು ಎಂಬ ಸಾಲನ್ನೋ, ‘ಎನ್‌ಪ್ರಾಕ್’ ಆಜ್ಞೆ ಕೊಡುವ ಒಂದೇ ಸಂಖ್ಯೆಯನ್ನೋ ನೋಡಿದರೆ ಇದು ಗೊತ್ತಾಗುವುದಿಲ್ಲ. ಸಾಕೆಟ್ಟನ್ನು ಕೋರಿನಿಂದ ಗುಣಿಸಿ ನೋಡಬೇಕು.

ಪ್ರಾಕ್ ಫೋಲ್ಡರಿನ ‘ಸಿಪಿಯುಇನ್ಫೋ’ ತೆರೆದು 800 ಮೆಗಾಹರ್ಟ್ಸ್ ಎಂದು ಕಂಡು, ‘2.6 ಗಿಗಾಹರ್ಟ್ಸ್ ಅಂತ ಹೇಳಿ ಮೋಸ ಮಾಡಿದರು’ ಎಂದು ಸಿಟ್ಟಾದವರೂ ಇದ್ದಾರೆ. ಅಲ್ಲಿ ಮೋಸವಿಲ್ಲ. ಕೆಲಸವಿಲ್ಲದಾಗ ಪ್ರೊಸೆಸರ್ ವಿದ್ಯುತ್ ಉಳಿಸಲು ವೇಗ ಇಳಿಸಿಕೊಳ್ಳುತ್ತದೆ, ಕೆಲಸ ಬಂದಾಗ ಮೂಲ ವೇಗಕ್ಕಿಂತಲೂ ಮೇಲೆ ಏರುತ್ತದೆ. ಈ ಮಾದರಿ 4.8 ಗಿಗಾಹರ್ಟ್ಸ್ ತನಕ ಹೋಗಬಲ್ಲದು. ಕೆಲಸದ ಒತ್ತಡವಿದ್ದಾಗಲೂ ವೇಗ ಏರದಿದ್ದರೆ ಆಗ ಅನುಮಾನಿಸಿ: ಫ್ಯಾನಿಗೆ ಧೂಳು ಕಟ್ಟಿರಬಹುದು, ಕೋಣೆಯಲ್ಲಿ ಗಾಳಿ ಆಡದೆ ಬಿಸಿ ಏರಿರಬಹುದು. ಎಲ್‌ಎಸ್‌ಸಿಪಿಯು ಉತ್ತರದ ಕೊನೆಯಲ್ಲಿ ಭದ್ರತಾ ದೋಷಗಳ ಪಟ್ಟಿಯೂ ಇರುತ್ತದೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳು ಬಯಲಾದ ಮೇಲೆ ಕರ್ನಲ್ ಇದನ್ನು ಹೇಳತೊಡಗಿತು. ಯಾವುದರ ಮುಂದಾದರೂ ‘ವಲ್ನರಬಲ್’ ಎಂದಿದ್ದರೆ ಕರ್ನಲ್ ಮತ್ತು ಮೈಕ್ರೊಕೋಡ್ ಹೊಸದಾಗಬೇಕಾಗಿದೆ ಎಂದು ನಿಮ್ಮ ತಂತ್ರಜ್ಞರಿಗೆ ಹೇಳಿ.

ಇಷ್ಟರವರೆಗಿನ ಆಜ್ಞೆಗಳೆಲ್ಲ ಕರ್ನಲ್ ಏನು ಬಲ್ಲದೋ ಅದನ್ನು ಹೇಳುತ್ತವೆ. ಪೆಟ್ಟಿಗೆಯ ಮುಚ್ಚಳ ತೆಗೆಯದೆ ಒಳಗಿನ ಸ್ಲಾಟುಗಳನ್ನೇ ನೋಡಬೇಕೆಂದರೆ ‘ಡಿಎಂಐಡಿಕೋಡ್’ ಬೇಕು. ಯಂತ್ರ ಆನ್ ಆಗುವಾಗ ಅದರ ಫರ್ಮ್‌ವೇರಾದ ಬಯಾಸ್ ಯಂತ್ರದೊಳಗಿನ ಭಾಗಗಳ ಒಂದು ಪಟ್ಟಿ ತಯಾರಿಸಿ ಮೆಮೊರಿಯಲ್ಲಿಡುತ್ತದೆ. ಪ್ರತಿ ರ‍್ಯಾಮ್ ಸ್ಟಿಕ್ಕಿನ ಮೇಲೂ ತನ್ನ ಅಳತೆ, ವೇಗ, ತಯಾರಕರ ವಿವರ ಬರೆದ ಪುಟ್ಟ ಚಿಪ್ ಇರುತ್ತದೆ. ಬಯಾಸ್ ಅದನ್ನೂ ಓದಿಕೊಳ್ಳುತ್ತದೆ. ಡಿಎಂಐಡಿಕೋಡ್ ಈ ಪಟ್ಟಿಯನ್ನು ನಮಗೆ ಓದಿ ಹೇಳುತ್ತದೆ. ಇದಕ್ಕೆ ರೂಟ್ ಎಂಬ ವಿಶೇಷ ಅಧಿಕಾರ ಬೇಕು, ಆದ್ದರಿಂದ ಆಜ್ಞೆಯ ಮೊದಲಿಗೆ ‘ಸುಡೊ’ ಸೇರಿಸಬೇಕು. ಕೊನೆಯಲ್ಲಿ ಅಡ್ಡಗೆರೆ, ‘ಟಿ’, ಜಾಗ ಬಿಟ್ಟು ‘ಮೆಮೊರಿ’ ಎಂದು ಹಾಕಿದರೆ ರ‍್ಯಾಮಿನ ವಿವರ ಮಾತ್ರ ಬರುತ್ತದೆ.

ಒಂದು ಪತ್ತಿನ ಸಂಘದವರು ಅಸೆಂಬಲ್ ಮಾಡಿಸಿದ ಹೊಸ ಸರ್ವರ್ ತರಿಸಿ ನನ್ನನ್ನು ಕರೆದಿದ್ದರು. ಬಿಲ್ಲಿನಲ್ಲಿ ಬರೆದದ್ದು: 16 ಜಿಬಿಯ ಎರಡು ಸ್ಟಿಕ್, ಡಿಡಿಆರ್4, 3200, ಇಸಿಸಿ. ಫ್ರೀ ಹೊಡೆದರೆ 31, ಸರಿಯಾಗಿಯೇ ಇದೆ. ಡಿಎಂಐಡಿಕೋಡ್ ಬೇರೆ ಕತೆ ಹೇಳಿತು. ನಾಲ್ಕು ಸ್ಲಾಟಿನಲ್ಲಿ ಮೂರರ ಮುಂದೆ ‘ನೋ ಮಾಡ್ಯೂಲ್ ಇನ್‌ಸ್ಟಾಲ್ಡ್’, ಒಂದರಲ್ಲಿ 32 ಜಿಬಿಯ ಒಂಟಿ ಸ್ಟಿಕ್. ಅದರ ಕೆಳಗೆ ಟೋಟಲ್ ವಿಡ್ತ್ 64 ಬಿಟ್, ಡೇಟಾ ವಿಡ್ತ್ 64 ಬಿಟ್.

ಕಾರ್ಯದರ್ಶಿಗಳು ಕೇಳಿದರು, “ಎರಡು 16 ಸೇರಿದರೂ 32, ಒಂದೇ ಆದರೂ 32. ಅದಕ್ಕೆಂತ ಈಗ?”

ವ್ಯತ್ಯಾಸ ಎರಡು. ಆ ಬೋರ್ಡಿನಲ್ಲಿ ಪ್ರೊಸೆಸರಿಗೂ ಮೆಮೊರಿಗೂ ನಡುವೆ ಎರಡು ಚಾನೆಲ್ ಇವೆ. 3200 ವೇಗದ ಡಿಡಿಆರ್4 ಒಂದು ಚಾನೆಲ್ಲಿನಲ್ಲಿ ಸೆಕೆಂಡಿಗೆ ಗರಿಷ್ಠ 25.6 ಗಿಗಾಬೈಟ್ ಸಾಗಿಸಬಲ್ಲದು, ಎರಡೂ ಚಾನೆಲ್ ತುಂಬಿದರೆ 51.2. ಒಂಟಿ ಸ್ಟಿಕ್ ಹಾಕಿದರೆ ಎರಡನೆಯ ಚಾನೆಲ್ ಬಿಕೋ ಎನ್ನುತ್ತದೆ. ಇದನ್ನಾದರೂ ಆಮೇಲೆ ಸರಿಮಾಡಿಕೊಳ್ಳಬಹುದು. ಸಂಘಕ್ಕೆ ಸರಿಹೋಗದ್ದು ಎರಡನೆಯದು, ಆ 64.

ಮೆಮೊರಿಯಲ್ಲಿ ಸಂಖ್ಯೆಗಳು ಸೊನ್ನೆ-ಒಂದುಗಳಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ವಿದ್ಯುತ್ ಆವೇಶಗಳಾಗಿ ನಿಂತಿರುತ್ತವೆ. ಬಿಸಿಯಿಂದ, ಹಳತಾದ ಚಿಪ್ಪಿನಿಂದ, ಹೊರಗಿಂದ ಬರುವ ಕಣಗಳ ಬಡಿತದಿಂದ ಒಂದೊಂದು ಬಿಟ್ ತಾನಾಗಿ ತಿರುಗಿಬೀಳಬಹುದು. ಗೂಗಲ್‌ನ ಸರ್ವರುಗಳ ಮೇಲೆ ಬಿಯಾಂಕಾ ಶ್ರೋಡರ್ ಮತ್ತು ಜೊತೆಗಾರರು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷವೊಂದರಲ್ಲಿ ಶೇ. 8ಕ್ಕಿಂತ ಹೆಚ್ಚು ಮೆಮೊರಿ ಸ್ಟಿಕ್ಕುಗಳಲ್ಲಿ ಇಂಥ ದೋಷ ಕಂಡಿತ್ತು. ಅದನ್ನು ಹಿಡಿಯುವ ವ್ಯವಸ್ಥೆಯೇ ಇಸಿಸಿ. ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಗಣಿತದ ಮೇಲೆ ಅದು ನಿಂತಿದೆ. ಪ್ರತಿ 64 ಬಿಟ್ಟಿಗೆ 8 ಕಾವಲು ಬಿಟ್ ಸೇರಿಸಿ 72 ಮಾಡುತ್ತಾರೆ. ಒಂದು ಬಿಟ್ ತಪ್ಪಿದರೆ ಅದು ಯಾವುದೆಂದು ಕಂಡುಹಿಡಿದು ತಿದ್ದುತ್ತದೆ, ಎರಡು ತಪ್ಪಿದರೆ ತಪ್ಪಾಗಿದೆ ಎಂದು ಕೂಗಿ ಹೇಳುತ್ತದೆ. ಆದ್ದರಿಂದ ಡಿಡಿಆರ್4 ಇಸಿಸಿ ಸ್ಟಿಕ್ಕಿನಲ್ಲಿ ಟೋಟಲ್ ವಿಡ್ತ್ 72, ಡೇಟಾ ವಿಡ್ತ್ 64 ಇರಬೇಕು. ಎರಡೂ 64 ಎಂದರೆ ಕಾವಲೇ ಇಲ್ಲದ, ಮನೆ ಕಂಪ್ಯೂಟರಿನ ಸಾಧಾರಣ ರ‍್ಯಾಮ್.

ಅಡಿಕೆ ಮಾರಿ ತಂದ ಹಣವನ್ನು ರೈತರು ಠೇವಣಿ ಇಡುವ ಸಂಘ ಅದು. ಬಡ್ಡಿಯ ಲೆಕ್ಕದ ನಡುವೆ ಒಂದು ಬಿಟ್ ತಿರುಗಿದರೆ ಗೊತ್ತೇ ಆಗದಂಥ ಯಂತ್ರದಲ್ಲಿ ಅವರ ಖಾತೆ ಇಡುವುದನ್ನು ನಾನು ಒಪ್ಪಲಾರೆ. ಆ ಪರದೆಯ ಪ್ರಿಂಟ್ ತೆಗೆದು ಬಿಲ್ಲಿನ ಜೊತೆ ಪಿನ್ ಮಾಡಿ ಕಾರ್ಯದರ್ಶಿಗಳ ಕೈಗೆ ಕೊಟ್ಟೆ. ಅವರು ಮಾರಿದವರನ್ನು ಕರೆಸಿ ಎರಡೂ ಕಾಗದ ಮುಂದಿಟ್ಟರು. ವಾದವೇನೂ ನಡೆಯಲಿಲ್ಲ. ಇಸಿಸಿಯ ಎರಡು 16 ಬಂದವು, ಹಣ ಪಾವತಿ ಅದಾದ ಮೇಲೆ.

ಒಂದು ಎಚ್ಚರ. ಡಿಎಂಐಡಿಕೋಡ್ ಹೇಳುವುದು ಬಯಾಸ್ ಬರೆದಿಟ್ಟದ್ದನ್ನು. ಆ ಪಟ್ಟಿ ಅಪೂರ್ಣವಾಗಿಯೋ ತಪ್ಪಾಗಿಯೋ ಇರಬಹುದೆಂದು ಆ ಸಾಧನದ ಕೈಪಿಡಿಯೇ ಎಚ್ಚರಿಸುತ್ತದೆ. ಬಿಲ್ಲಿಗೂ ಅದಕ್ಕೂ ತಾಳೆಯಾಗದಿದ್ದರೆ ಯಾರ ಮೇಲೂ ಆರೋಪ ಹೊರಿಸುವ ಮೊದಲು ಮುಚ್ಚಳ ತೆಗೆಸಿ ಸ್ಟಿಕ್ಕಿನ ಮೇಲಿನ ಚೀಟಿ ಓದಿ. ಇಸಿಸಿ ಇರುವ ಯಂತ್ರಗಳಲ್ಲಿ ತಿದ್ದಿದ ತಪ್ಪುಗಳ ಲೆಕ್ಕವನ್ನು ಕರ್ನಲ್ ಇಟ್ಟಿರುತ್ತದೆ; ಆ ಲೆಕ್ಕ ವಾರದಿಂದ ವಾರಕ್ಕೆ ಏರುತ್ತಿದ್ದರೆ ಸ್ಟಿಕ್ ಬದಲಿಸುವ ಹೊತ್ತಾಯಿತು ಎಂದೇ ಅರ್ಥ.

ಕ್ಲೌಡಿನಲ್ಲಿ ಸರ್ವರ್ ಬಾಡಿಗೆಗೆ ಪಡೆದವರಿಗೆ ಈ ಭೌತಿಕ ವಿವರ ಸಿಗುವುದಿಲ್ಲ. ಅಲ್ಲಿ ಎಲ್‌ಎಸ್‌ಸಿಪಿಯು ಉತ್ತರದಲ್ಲಿ ‘ಹೈಪರ್‌ವೈಸರ್ ವೆಂಡರ್’ ಎಂಬ ಸಾಲು ಕಾಣುತ್ತದೆ, ನಿಮಗೆ ಕೊಟ್ಟ ವಿಸಿಪಿಯು ಹೆಚ್ಚಾಗಿ ಒಂದು ಕೋರ್ ಅಲ್ಲ, ಒಂದು ಥ್ರೆಡ್. ವಿಎಂಸ್ಟ್ಯಾಟಿನ ಎಸ್‌ಟಿ ಎಂಬ ಕಂಬದ ಮೇಲೆ ಕಣ್ಣಿಡಿ: ನಿಮ್ಮ ಸರದಿಯಲ್ಲಿ ಪ್ರೊಸೆಸರ್ ಬೇರೆಯವರ ಕೆಲಸಕ್ಕೆ ಹೋದ ಹೊತ್ತು ಅಲ್ಲಿ ಕಾಣುತ್ತದೆ. ಅದು ಸೊನ್ನೆಯ ಹತ್ತಿರ ಇರಬೇಕು. ಕಂಟೇನರಿನೊಳಗೆ ಕೂತು ಫ್ರೀ ಹೊಡೆದರೆ ಬರುವುದು ಸಾಮಾನ್ಯವಾಗಿ ಇಡೀ ಯಂತ್ರದ ಅಂಕಿ. ನಿಮ್ಮ ಪಾಲಿಗೆ ಹಾಕಿದ ಮಿತಿ ಸಿಗ್ರೂಪ್ ಫೋಲ್ಡರಿನ ‘ಮೆಮೊರಿ ಡಾಟ್ ಮ್ಯಾಕ್ಸ್’ ಫೈಲಿನಲ್ಲಿರುತ್ತದೆ.

ಸಂಸ್ಥೆ ನಡೆಸುವವರಲ್ಲಿ, ಲೆಕ್ಕ ತಪಾಸಣೆ ಮಾಡುವವರಲ್ಲಿ ನನ್ನದೊಂದು ಬಿನ್ನಹ. ಹೊಸ ಸರ್ವರ್ ಬಂದ ದಿನವೇ ಎಲ್‌ಎಸ್‌ಸಿಪಿಯು, ಫ್ರೀ, ಡಿಎಂಐಡಿಕೋಡ್ ಈ ಮೂರರ ಉತ್ತರವನ್ನೂ ನಿಮ್ಮ ಕಣ್ಣೆದುರೇ ತೆಗೆಸಿ. ಪ್ರಿಂಟ್ ಮಾಡಿಸಿ, ದಿನಾಂಕ ಹಾಕಿ, ಮಾರಿದವರ ಸಹಿ ಪಡೆದು ಸ್ಟಾಕ್ ರಿಜಿಸ್ಟರಿಗೆ ಅಂಟಿಸಿ. ಡಿಎಂಐಡಿಕೋಡ್ ಹಾಳೆಯಲ್ಲಿ ಪ್ರತಿ ಸ್ಟಿಕ್ಕಿನ ಸೀರಿಯಲ್ ನಂಬರೂ ಇರುತ್ತದೆ. ರಿಪೇರಿಗೆ ಹೋಗಿ ಬಂದ ಯಂತ್ರದ ಹಾಳೆಯನ್ನು ಹಳೆಯದರ ಪಕ್ಕದಲ್ಲಿಟ್ಟರೆ ಯಾವ ಸ್ಟಿಕ್ ಬದಲಾಗಿದೆ ಎಂಬುದು ಅಲ್ಲೇ ಕಾಣುತ್ತದೆ. ಈ ಹಾಳೆಗಳು ಫೈಲಿಗೆ ಸೇರುವ ತನಕ ಬಿಲ್ಲಿಗೆ ಸಹಿ ಹಾಕಬೇಡಿ.